ಅಕ್ಕ ಎಂದು ಕರೆಯುವವರ ಕೇಸು: ಸಣ್ಣ ಊರಿನ ಸಮಾಜಕಾರ್ಯಕರ್ತರಿಗೆ ಸ್ನೇಹ ಮತ್ತು ಎಲ್ಲೆಯ ಕೈಪಿಡಿ

ಹೋಬಳಿ ಕೇಂದ್ರದಲ್ಲಿ ಕೆಲಸ ಮಾಡುವ ಸಮಾಜಕಾರ್ಯಕರ್ತೆಯ ಮುಂದೆ ಬೆಳಿಗ್ಗೆ ಗಂಡನ ಹೊಡೆತದ ಬಗ್ಗೆ ಹೇಳಿಕೊಂಡು ಅತ್ತ ಹೆಂಗಸು ಸಂಜೆ ಸಂತೆಯಲ್ಲಿ ಸೊಪ್ಪು ಮಾರುತ್ತಾ ಸಿಗುತ್ತಾರೆ. ಅವರ ಮಗ, ಕಾರ್ಯಕರ್ತೆಯ ಮಗಳು ಒಂದೇ ತರಗತಿ. ಮುಂದಿನ ತಿಂಗಳು ಅವರ ತಂಗಿಯ ಮದುವೆ, ಲಗ್ನಪತ್ರಿಕೆ ಆಗಲೇ ಕೈಗೆ ಬಂದಿದೆ. ಒಬ್ಬರೇ ವ್ಯಕ್ತಿಯೊಂದಿಗೆ ವೃತ್ತಿಯ ನಂಟಿನ ಜೊತೆಗೆ ಇನ್ನೊಂದು ನಂಟೂ ಇರುವುದನ್ನು ವೃತ್ತಿನೀತಿಯ ಪಾಠದಲ್ಲಿ ಡ್ಯುಯಲ್ ರಿಲೇಶನ್‌ಶಿಪ್, ಅಂದರೆ ಇಬ್ಬಗೆಯ ಸಂಬಂಧ, ಎನ್ನುತ್ತಾರೆ. ಸಮಾಜಕಾರ್ಯದ ಸ್ನಾತಕೋತ್ತರ ಪದವಿಯಾದ ಎಂ.ಎಸ್.ಡಬ್ಲ್ಯೂ ತರಗತಿಯಲ್ಲಿ ಅದನ್ನು ತಪ್ಪಿಸಬೇಕು ಎಂದು ಹೇಳಿಕೊಟ್ಟಿರುತ್ತಾರೆ. ಆದರೆ ಐದಾರು ಸಾವಿರ ಜನರ ಊರಿನಲ್ಲಿ ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ.

ತಪ್ಪಿಸಲಾಗದಿದ್ದಾಗ ಏನು ಮಾಡಬೇಕೆಂದು ನೀತಿಸಂಹಿತೆಗಳೇ ಹೇಳುತ್ತವೆ, ಆ ಸಾಲನ್ನು ಓದುವವರು ಕಡಿಮೆ. ಅಮೆರಿಕದ ರಾಷ್ಟ್ರೀಯ ಸಮಾಜಕಾರ್ಯಕರ್ತರ ಸಂಘ 1960ರಲ್ಲಿ ಮೊದಲ ಸಂಹಿತೆ ತಂದಿತು. ನಮ್ಮ ಕಾಲೇಜುಗಳಲ್ಲೂ ಹೆಚ್ಚು ಓದಿಸುವುದು ಅದನ್ನೇ. ಅದರ ಈಗಿನ ರೂಪದ 1.06ನೆಯ ವಿಭಾಗ, ಸೇವಾರ್ಥಿಗೆ, ಅಂದರೆ ನೆರವು ಪಡೆಯಲು ಬಂದವರಿಗೆ, ಹಾನಿ ಅಥವಾ ಶೋಷಣೆಯ ಅಪಾಯ ಇರುವಂಥ ಇಬ್ಬಗೆಯ ಸಂಬಂಧ ಬೇಡ ಎನ್ನುತ್ತದೆ. ತಪ್ಪಿಸಲಾಗದ ಕಡೆ ಸೇವಾರ್ಥಿಯನ್ನು ಕಾಪಾಡುವ, ಸ್ಥಳೀಯ ಸಂಸ್ಕೃತಿಗೆ ಹೊಂದುವ ಸ್ಪಷ್ಟ ಎಲ್ಲೆ ಹಾಕುವ ಹೊಣೆ ಕಾರ್ಯಕರ್ತರದು ಎಂದೂ ಹೇಳುತ್ತದೆ. ಈ ಹೊಣೆ ಎಂಬ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. "ಅವರೇ ಕರೆದರು", "ಅವರೇ ಕೊಟ್ಟರು", "ಅವರೇ ಮೊದಲು ಮೆಸೇಜ್ ಮಾಡಿದರು" ಎನ್ನುವುದು ಯಾವತ್ತೂ ಉತ್ತರವಾಗುವುದಿಲ್ಲ. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದಂತೆ ಎಲ್ಲ ಸಮಾಜಕಾರ್ಯಕರ್ತರಿಗೂ ಪರವಾನಗಿ ಕೊಟ್ಟು ವಿಚಾರಿಸುವ ಮಂಡಳಿ ನಮ್ಮಲ್ಲಿಲ್ಲ. ಆಸ್ಪತ್ರೆ ಮತ್ತು ಮನೋವೈದ್ಯಕೀಯ ಕ್ಷೇತ್ರದ ಸಮಾಜಕಾರ್ಯಕರ್ತರನ್ನು ಮಾತ್ರ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ತನ್ನ ವ್ಯಾಪ್ತಿಗೆ ಸೇರಿಸಿಕೊಂಡಿದೆ. ಕೇಳುವವರು ಕಡಿಮೆ ಇರುವುದರಿಂದಲೇ ನಮ್ಮ ಎಲ್ಲೆಯನ್ನು ನಾವೇ ಬರೆದಿಟ್ಟುಕೊಳ್ಳಬೇಕಾಗಿದೆ.

ಮೊದಲು ಅಳೆಯಿರಿ

ಸ್ನೇಹದಲ್ಲಿ ಕೆಡುಕಿಲ್ಲ. ಕೆಡುಕಿರುವುದು ಒಬ್ಬರ ಕೈಯಲ್ಲಿ ಫೈಲು, ಇನ್ನೊಬ್ಬರ ಬದುಕು ಆ ಫೈಲಿನೊಳಗೆ ಇರುವಾಗ. ದತ್ತು ಬಯಸುವ ದಂಪತಿಯ ಗೃಹ ಅಧ್ಯಯನ ವರದಿ, ಮಕ್ಕಳ ಕಲ್ಯಾಣ ಸಮಿತಿಗೆ ಹೋಗುವ ಸಾಮಾಜಿಕ ತನಿಖಾ ವರದಿ, ಮನೆಯೊಳಗಿನ ದೌರ್ಜನ್ಯವನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿ, ಪುನರ್ವಸತಿ ಸಾಲಕ್ಕೆ ಶಿಫಾರಸು: ಇವುಗಳಲ್ಲಿ ನೀವು ಬರೆಯುವ ಒಂದು ಸಾಲು ಅವರ ಮನೆಯನ್ನೇ ಬದಲಿಸುತ್ತದೆ. ಅಷ್ಟು ಅಧಿಕಾರ ಇರುವವರ ಎದುರು "ಬೇಡ" ಎನ್ನಲು ಸೇವಾರ್ಥಿಗೆ ಧೈರ್ಯ ಬರುವುದಿಲ್ಲ. ಹಾಗಾಗಿ ಅವರ "ಹೂಂ" ಎಂಬುದನ್ನು ಪೂರ್ತಿ ಒಪ್ಪಿಗೆ ಎಂದು ಎಣಿಸಬೇಡಿ.

ಎರಡನೆಯ ನಂಟು ಎದುರಾದಾಗ ಮೂರು ವಿಷಯ ಕೇಳಿಕೊಳ್ಳಿ. ಮನೋವಿಜ್ಞಾನಿ ಮೈಕೆಲ್ ಗಾಟ್ಲೀಬ್ 1993ರಲ್ಲಿ ಕೊಟ್ಟ ಮಾದರಿ ಇದು, ಹಳ್ಳಿಗೂ ಚೆನ್ನಾಗಿ ಹೊಂದುತ್ತದೆ. ಅಧಿಕಾರ ಎಷ್ಟಿದೆ: ನನ್ನ ಮಾತಿನ ಮೇಲೆ ಅವರ ಹಣ, ಮಗು, ಮಾನ ಯಾವುದಾದರೂ ನಿಂತಿದೆಯೇ? ಎಷ್ಟು ಕಾಲದ ಸಂಬಂಧ: ಪಿಂಚಣಿ ಅರ್ಜಿ ತುಂಬಿಕೊಟ್ಟ ಒಂದು ದಿನದ ಭೇಟಿಯೋ, ಎಂಟು ತಿಂಗಳ ಆಪ್ತಸಮಾಲೋಚನೆಯೋ? ಮುಗಿದಿದೆಯೇ: ಅವರು ಮತ್ತೆ ನನ್ನ ಬಳಿ ಬರುವ ಸಾಧ್ಯತೆ ಇದೆಯೇ? ಮೂರಕ್ಕೂ ಉತ್ತರ ಕಡಿಮೆ ಕಡೆ ಇದ್ದರೆ ಚಿಂತೆ ಬೇಡ. ವಿಧವಾ ವೇತನದ ಅರ್ಜಿಗೆ ಒಮ್ಮೆ ನೆರವಾದವರ ಅಂಗಡಿಯಲ್ಲಿ ದಿನಸಿ ಕೊಳ್ಳಬಹುದು. ಒಂದಾದರೂ ಹೆಚ್ಚಿನ ಕಡೆ ಇದ್ದರೆ ಸೂಪರ್‌ವೈಸರ್ ಜೊತೆ ಮಾತಾಡದೆ ಮುಂದುವರಿಯಬೇಡಿ. ಈ ಮೂರನೆಯ ಪ್ರಶ್ನೆಯಲ್ಲೇ ಹಳ್ಳಿಯವರು ಎಡವುವುದು. ನಗರದಲ್ಲಿ ಕೇಸು ಮುಚ್ಚಿದರೆ ಬಹುಮಟ್ಟಿಗೆ ಮುಗಿಯುತ್ತದೆ. ತಾಲೂಕಿನಲ್ಲಿ ಇರುವುದು ನೀವೊಬ್ಬರೇ ಆದರೆ ಯಾವ ಕೇಸೂ ಪೂರ್ತಿ ಮುಚ್ಚುವುದಿಲ್ಲ.

ಮೊದಲ ಭೇಟಿಯಲ್ಲೇ ಬಾಯಿಬಿಟ್ಟು ಹೇಳಿ

ಎಲ್ಲೆಯನ್ನು ಮೊದಲ ಮನೆಭೇಟಿಯ ಕೊನೆಯ ಐದು ನಿಮಿಷದಲ್ಲಿ ಹೇಳಬೇಕು. ಮೂರನೆಯ ತಿಂಗಳಲ್ಲಿ ಹೇಳಿದರೆ ಅದು ಕೇಳಿಸುವುದು ಮುನಿಸಿನಂತೆ. ಅರ್ಜಿ ನಮೂನೆಯ ಭಾಷೆ ಬೇಡ, ಮಾತಾಡುವ ಕನ್ನಡದಲ್ಲಿ ಹೀಗೆ ಹೇಳಬಹುದು:

"ನೋಡಿ ಅಮ್ಮ, ನಾನು ಇದೇ ಊರಲ್ಲಿ ಓಡಾಡ್ಕೊಂಡಿರೋಳು. ನೀವು ಇಲ್ಲಿ ಹೇಳಿದ್ದು ನಮ್ಮನೆಯವರಿಗೂ ಗೊತ್ತಾಗಲ್ಲ. ಮಗುವಿಗೆ ಏನಾದ್ರೂ ಆಗ್ತಿದೆ ಅಂತ ಗೊತ್ತಾದ್ರೆ, ಯಾರದಾದ್ರೂ ಜೀವಕ್ಕೆ ಅಪಾಯ ಇದೆ ಅನ್ನಿಸಿದ್ರೆ ಮಾತ್ರ ನಾನು ಹೇಳಲೇಬೇಕಾಗುತ್ತೆ, ಹಾಗೆ ಹೇಳೋ ಮುಂಚೆ ಆದಷ್ಟೂ ನಿಮಗೆ ತಿಳಿಸ್ತೀನಿ. ದುಡ್ಡು ಕೊಡೋದು ತಗೊಳ್ಳೋದು ನಮ್ಮಿಬ್ಬರ ನಡುವೆ ಬೇಡ. ಸಂತೇಲಿ ಸಿಕ್ಕಿದ್ರೆ ನಾನಾಗೇ ಮಾತಾಡಿಸಬಹುದಾ, ಅಥವಾ ನೀವು ಮಾತಾಡಿಸಿದ್ರೆ ಮಾತ್ರ ಮಾತಾಡಲಾ? ಯಾರಾದ್ರೂ 'ಇವರು ಯಾರು' ಅಂತ ಕೇಳಿದ್ರೆ ಏನು ಹೇಳೋಣ?"

ಕೊನೆಯ ಎರಡು ಪ್ರಶ್ನೆಗಳು ತುಂಬ ಕೆಲಸ ಉಳಿಸುತ್ತವೆ. ಪಾಶ್ಚಾತ್ಯ ಪಠ್ಯಗಳಲ್ಲಿ ಹೊರಗೆ ಸಿಕ್ಕರೆ ಗುರುತಿಲ್ಲದವರಂತೆ ಇರಿ ಎಂಬ ಸಲಹೆ ಇರುತ್ತದೆ. ನಮ್ಮ ಕಡೆ ಕಂಡೂ ಕಾಣದಂತೆ ಹೋದರೆ ಸಿಟ್ಟಾಗಿದ್ದಾರೆ ಎಂದೇ ಅರ್ಥ. "ಊಟ ಆಯ್ತಾ?" ಎಂದಷ್ಟೇ ಕೇಳಿ ನಡೆಯುವುದು ಬಹಳ ಮಂದಿಗೆ ಒಪ್ಪಿಗೆಯಾಗುತ್ತದೆ. ಎಚ್ಐವಿ ಅಥವಾ ಮಾನಸಿಕ ಕಾಯಿಲೆಯ ಕೇಸಿನಲ್ಲಿ ಅದೂ ಬೇಡ ಎನ್ನುವವರಿದ್ದಾರೆ, ಯಾಕೆಂದರೆ ನೀವು ಯಾವ ಕಚೇರಿಯವರು ಎಂಬುದು ಊರಿಗೆಲ್ಲ ಗೊತ್ತು. ಅವರು ಹೇಳಿದ ಉತ್ತರವನ್ನು ಫೈಲಿನ ಮೊದಲ ಪುಟದಲ್ಲೇ ಬರೆಯಿರಿ.

ಗುಟ್ಟಿನ ವಿನಾಯಿತಿಯನ್ನು ಮಾತ್ರ ತೇಲಿಸಿ ಹೇಳಬೇಡಿ. ಪೋಕ್ಸೊ ಕಾಯ್ದೆ 2012ರ 19ನೆಯ ಸೆಕ್ಷನ್ ಪ್ರಕಾರ ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೆಯ ಸೆಕ್ಷನ್ನಿನಲ್ಲಿ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಇದೆ. "ಯಾರಿಗೂ ಹೇಳಲ್ಲ, ನನ್ನ ಮೇಲೆ ಆಣೆ" ಎಂದು ಗೆಳತಿಯಂತೆ ಮಾತು ಕೊಟ್ಟವರು ನಾಳೆ ಕಾನೂನನ್ನೋ ಮಾತನ್ನೋ ಮುರಿಯಬೇಕಾಗುತ್ತದೆ.

ಕಾಫಿ, ಕುಂಕುಮ, ಮುಯ್ಯಿ

ಹೊಸಬರು ಮೊದಲು ಕೇಳುವ ಪ್ರಶ್ನೆ: ಸೇವಾರ್ಥಿಯ ಮನೆಯಲ್ಲಿ ಕಾಫಿ ಕುಡಿಯಬಹುದೇ? ಕುಡಿಯಿರಿ. ಏನನ್ನೂ ತೆಗೆದುಕೊಳ್ಳಬಾರದೆಂಬ ನಿಯಮ ನಮ್ಮ ನೆಲದಲ್ಲಿ ಕ್ರೂರವಾಗಿಬಿಡುತ್ತದೆ. ದಲಿತ ಕೇರಿಯ ಮನೆಯೊಂದರಲ್ಲಿ ಕೊಟ್ಟ ನೀರನ್ನು ಮುಟ್ಟದೆ ಎದ್ದು ಬಂದರೆ ಯಾರೂ ಅದನ್ನು ವೃತ್ತಿನೀತಿ ಎಂದುಕೊಳ್ಳುವುದಿಲ್ಲ, ಜಾತಿ ಎಂದುಕೊಳ್ಳುತ್ತಾರೆ, ಹಾಗೆ ಅಂದುಕೊಳ್ಳಲು ಅವರಿಗೆ ತಲೆಮಾರುಗಳ ಕಾರಣವಿದೆ. ಒಂದು ಮನೆಯಲ್ಲಿ ಕುಡಿದು ಇನ್ನೊಂದರಲ್ಲಿ ಬಿಟ್ಟರೆ ಇನ್ನೂ ಕೆಟ್ಟದು, ಯಾರ ಮನೆಯಲ್ಲಿ ಕುಡಿದಿರಿ ಎಂಬ ಸುದ್ದಿ ನಿಮಗಿಂತ ಮುಂಚೆ ಬಸ್ ಸ್ಟ್ಯಾಂಡ್ ತಲುಪಿರುತ್ತದೆ. ಆದ್ದರಿಂದ ಎಲ್ಲ ಮನೆಗೂ ಒಂದೇ ಪದ್ಧತಿ ಇಟ್ಟುಕೊಳ್ಳಿ: ನೀರು, ಕಾಫಿ, ಟೀ, ಮಜ್ಜಿಗೆ ಎಲ್ಲಿ ಕೊಟ್ಟರೂ ಕುಡಿಯುವುದು, ಊಟ ಎಲ್ಲೂ ಮಾಡದಿರುವುದು. ಊಟಕ್ಕೆ ಕೂತರೆ ಮನೆಯವರು ತಮ್ಮ ಪಾಲನ್ನು ನಿಮಗೆ ಬಡಿಸುತ್ತಾರೆ, ಜೊತೆಗೆ ಅರ್ಧ ಗಂಟೆಯ ಭೇಟಿ ಎರಡು ಗಂಟೆಗೆ ಎಳೆಯುತ್ತದೆ. ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರವರೆಗೆ ಮನೆಭೇಟಿ ಇಟ್ಟುಕೊಳ್ಳದಿದ್ದರೆ ಈ ಇಕ್ಕಟ್ಟಿನಲ್ಲಿ ಮುಕ್ಕಾಲು ಪಾಲು ಬರುವುದೇ ಇಲ್ಲ.

ಅರಿಶಿನ ಕುಂಕುಮ, ಎಲೆ ಅಡಿಕೆ ಕೊಟ್ಟರೆ ತೆಗೆದುಕೊಳ್ಳಿ. ಅದರ ಜೊತೆ ಬರುವ ರವಿಕೆ ಕಣ ವರ್ಷಕ್ಕೊಮ್ಮೆ ಗೌರಿ ಹಬ್ಬದಲ್ಲಿ ಬಂದರೆ ತೊಂದರೆಯಿಲ್ಲ, ಪ್ರತಿ ಭೇಟಿಗೂ ಬರತೊಡಗಿದರೆ ಮಾತಾಡಬೇಕು. ಸೀರೆ, ಬೆಳ್ಳಿ, ನಗದು ಯಾವ ಹೆಸರಿನಲ್ಲೂ ಬೇಡ. ಹೊಲದ ಅವರೆಕಾಯಿ, ನಾಲ್ಕು ತೆಂಗಿನಕಾಯಿ ಬಲವಂತವಾಗಿ ಚೀಲಕ್ಕೆ ಹಾಕಿದರೆ ಕಚೇರಿಗೆ ತಂದು ಎಲ್ಲರ ಮುಂದೆ ಇಟ್ಟು ಹಂಚಿ, ಮನೆಗೆ ಒಯ್ಯಬೇಡಿ, ಮುಂದಿನ ಭೇಟಿಯಲ್ಲಿ "ಎಲ್ಲರೂ ತಿಂದ್ವಿ" ಎಂದು ತಿಳಿಸಿ. ಬೆಲೆಗಿಂತ ಹೊತ್ತು ಮುಖ್ಯ. ಅವರ ಬಗ್ಗೆ ವರದಿ ಬರೆಯುವುದು ಬಾಕಿ ಇರುವಾಗ ಹತ್ತು ರೂಪಾಯಿಯ ಬಾಳೆಹಣ್ಣೂ ಬೇಡ. ದತ್ತು ಕೇಸಿನ ದಂಪತಿ ಸಿಹಿ ಡಬ್ಬಿ ತಂದರೆ "ಆದೇಶ ಬಂದ ಮೇಲೆ ಕಚೇರಿಗೆ ತನ್ನಿ, ಎಲ್ಲರೂ ತಿನ್ನೋಣ" ಎನ್ನಿ.

ಮದುವೆ ಬೇರೆಯದೇ ಲೆಕ್ಕ, ಕಾರಣ ಮುಯ್ಯಿ. ಹಳೆ ಮೈಸೂರು ಕಡೆಯ ಮದುವೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಹೆಸರು, ಊರು, ಮೊತ್ತ ಬರೆದುಕೊಳ್ಳುತ್ತಾರೆ. ಆ ಪುಸ್ತಕದಲ್ಲಿ ನಿಮ್ಮ ಹೆಸರು ಬಿದ್ದರೆ ನಾಳೆ ನಿಮ್ಮ ಮನೆಯ ಕಾರ್ಯಕ್ಕೆ ಅವರು ಅದಕ್ಕಿಂತ ಕಡಿಮೆಯಿಲ್ಲದಂತೆ ಹಿಂದಿರುಗಿಸಬೇಕು. ಸಾಲದಲ್ಲಿರುವ ಮನೆಗೆ ಇದೊಂದು ಹೊರೆ, ನಿಮಗೂ ಒಂದು ಹಂಗು. ಸಂಸ್ಥೆಯ ಹೆಸರಿನಲ್ಲಿ ಕವರ್ ಕೊಡುವುದು ಜಾಣತನ ಎಂದು ತೋರುತ್ತದೆ. ಹಾಗೆ ಮಾಡಿದರೆ ಆ ಮನೆಯವರು ನಿಮ್ಮ ಸೇವಾರ್ಥಿಗಳು ಎಂದು ಪುಸ್ತಕ ಓದುವ ಎಲ್ಲರಿಗೂ ನೀವೇ ಸಾರಿದಂತಾಗುತ್ತದೆ.

ಕರೆಯೋಲೆ ಬಂದರೆ ಮೊದಲು ಅವರೊಬ್ಬರೇ ಇದ್ದಾಗ ಕೇಳಿ: "ನಾನು ಬಂದರೆ ನಿಮಗೆ ಅನುಕೂಲವೋ, ಬಾರದಿದ್ದರೆ ಅನುಕೂಲವೋ?" ಎಷ್ಟೋ ಸಲ ಕಾರ್ಡು ಕೊಡುವುದು ಮರ್ಯಾದೆಗೆ, ಬಂದರೆ ನೆಂಟರ ಪ್ರಶ್ನೆಗೆ ಏನು ಹೇಳುವುದೆಂಬ ದಿಗಿಲು ಒಳಗಿರುತ್ತದೆ. ಬನ್ನಿ ಎಂದರೆ ಅಕ್ಷತೆ ಹಾಕಿ, ಪಂಕ್ತಿಯಲ್ಲಿ ಉಂಡು, ಒಂದು ಗಂಟೆಯೊಳಗೆ ಹೊರಡಿ. ಪಂಕ್ತಿಯ ಊಟ ಊರಿಗೆಲ್ಲ ಹಾಕಿದ್ದು, ಅದರಲ್ಲಿ ಹಂಗಿಲ್ಲ. ಮುಯ್ಯಿ ಬರೆಸಬೇಡಿ. ವೇದಿಕೆ ಹತ್ತಿ ಫೋಟೊಗೆ ನಿಲ್ಲಬೇಡಿ, ಅದು ಆಲ್ಬಮ್ಮಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಸಾವಿನ ಮನೆಗೆ ಮಾತ್ರ ಕೇಳದೆಯೂ ಹೋಗಿ ಬನ್ನಿ. ಅಲ್ಲಿ ಬಾರದವರ ಲೆಕ್ಕ ಊರಿನ ನೆನಪಿನಲ್ಲಿ ಉಳಿಯುತ್ತದೆ, ಬಂದವರನ್ನು ಯಾಕೆ ಬಂದಿರಿ ಎಂದು ಯಾರೂ ಕೇಳುವುದಿಲ್ಲ.

ಅಕ್ಕ, ಅಣ್ಣ, ಮಗಳೇ ಎಂದು ಕರೆದರೆ ತಿದ್ದಬೇಡಿ. ಅಪರಿಚಿತರನ್ನೂ ಹಾಗೇ ಕರೆಯುವ ಭಾಷೆ ನಮ್ಮದು. "ಮೇಡಂ ಅನ್ನಿ" ಎಂದರೆ ಗೋಡೆ ಏಳುತ್ತದೆ. ಕಿವಿಗೊಡಬೇಕಾದ್ದು ಕರೆಯ ಹಿಂದೆ ಬೇಡಿಕೆ ಸೇರಿಕೊಂಡಾಗ: "ಅಕ್ಕ ಆಗಿ ಇಷ್ಟೂ ಮಾಡಲ್ವಾ?" ಆಗ, "ಅಕ್ಕ ಅಂದಿದ್ದಕ್ಕೇ ಹೇಳ್ತಿದೀನಿ, ಇದು ನನ್ನ ಕೈಯಲ್ಲಿಲ್ಲ. ಯಾರ ಕೈಯಲ್ಲಿದೆಯೋ ಅವರ ಹತ್ರ ಕರ್ಕೊಂಡು ಹೋಗ್ತೀನಿ" ಎಂಬ ಉತ್ತರ ಸಂಬಂಧವನ್ನೂ ಉಳಿಸುತ್ತದೆ, ಎಲ್ಲೆಯನ್ನೂ. ನೀವು ಮಾತ್ರ ಸೇವಾರ್ಥಿಯನ್ನು, ಎಷ್ಟೇ ಕಿರಿಯರಾಗಿರಲಿ, ಬಡವರಾಗಿರಲಿ, ಏಕವಚನದಲ್ಲಿ ಕರೆಯಬೇಡಿ.

ಮಾತುಕತೆಗೇ ಎಡೆಯಿಲ್ಲದವು

ಮೇಲಿನವು ಸಂದರ್ಭ ನೋಡಿ ನಿರ್ಧರಿಸುವಂಥವು. ಕೆಲವು ಹಾಗಲ್ಲ:

- ಕೈಸಾಲ ಕೊಡುವುದು, ತೆಗೆದುಕೊಳ್ಳುವುದು, ಜಾಮೀನಿಗೆ ಸಹಿ ಹಾಕುವುದು, ಅವರು ನಡೆಸುವ ಚೀಟಿಗೆ ಸೇರುವುದು. ಸಾಲ ಕೊಟ್ಟ ಮರುವಾರದಿಂದಲೇ ಅವರು ಭೇಟಿ ತಪ್ಪಿಸತೊಡಗುತ್ತಾರೆ. ತುರ್ತಿದ್ದರೆ ಸಂಸ್ಥೆಯ ತುರ್ತು ನಿಧಿಯಿಂದ ರಸೀದಿ ಹಾಕಿ ಕೊಡಿಸಿ.
- ಸೇವಾರ್ಥಿಯನ್ನು ನಿಮ್ಮ ಮನೆಗೆಲಸಕ್ಕೆ, ತೋಟದ ಕೂಲಿಗೆ ಇಟ್ಟುಕೊಳ್ಳುವುದು. "ಕೆಲಸ ಕೊಟ್ಟು ಉಪಕಾರ ಮಾಡಿದೆ" ಎನಿಸುತ್ತದೆ. ಸಂಬಳ ತಡವಾದರೆ ಅವರು ಯಾರ ಬಳಿ ದೂರುವುದು?
- ಅವರಿಗೆ ವಿಮೆ ಪಾಲಿಸಿ, ಪೌಷ್ಟಿಕ ಪುಡಿ, ಸೀರೆ ಮಾರುವುದು. ಕಡಿಮೆ ಸಂಬಳದ ಕಾರಣಕ್ಕೆ ಅನೇಕರು ಬದಿಯಲ್ಲಿ ಇಂಥ ವ್ಯಾಪಾರ ಮಾಡುತ್ತಾರೆ. ಮಾಡಿ, ನಿಮ್ಮ ಕೇಸಿನ ಮನೆಗಳನ್ನು ಬಿಟ್ಟು.
- ಅವರ ಮನೆಯ ಮಕ್ಕಳಿಗೆ ಗಂಡು ಹೆಣ್ಣು ನೋಡುವ ಮಧ್ಯಸ್ತಿಕೆ.
- ಪ್ರಣಯ ಮತ್ತು ಲೈಂಗಿಕ ಸಂಬಂಧ. ಕೇಸು ನಡೆಯುವಾಗಲೂ ಇಲ್ಲ, ಮುಗಿದ ಮೇಲೂ ಇಲ್ಲ. ಅಮೆರಿಕದ ಮನೋವಿಜ್ಞಾನಿಗಳ ಸಂಹಿತೆ ಚಿಕಿತ್ಸೆ ಮುಗಿದು ಎರಡು ವರ್ಷಗಳ ಗಡುವು ಹೇಳಿ, ಆಮೇಲೂ ಬಹು ಅಪರೂಪಕ್ಕೆ ಮಾತ್ರ ಎನ್ನುತ್ತದೆ. ಸಮಾಜಕಾರ್ಯದ ಸಂಹಿತೆಯಲ್ಲಿ ಅಂಥ ಗಡುವೇ ಇಲ್ಲ, ಎಷ್ಟು ವರ್ಷ ಕಳೆದರೂ ಬೇಡ ಎನ್ನುತ್ತದೆ. ಅಂಥ ಸಂಬಂಧ ಬೆಳೆಸಲೆಂದೇ ಕೇಸು ಮುಚ್ಚುವುದನ್ನೂ ಅದು ಬೇಡ ಎನ್ನುತ್ತದೆ.

ಫೋನು, ವಾಟ್ಸ್ಆಪ್

ಎರಡು ಸಿಮ್ ಇಟ್ಟುಕೊಳ್ಳಿ, ಕೆಲಸದ ನಂಬರಿನಲ್ಲಿ ವಾಟ್ಸ್ಆಪ್ ಬಿಸಿನೆಸ್ ಹಾಕಿ, ಸಂಜೆ ಆರರ ನಂತರ ತಾನಾಗಿ ಹೋಗುವ ಉತ್ತರ ಬರೆದಿಡಿ. ಅದರಲ್ಲಿ ತುರ್ತು ನಂಬರುಗಳಿರಲಿ: ಮಕ್ಕಳಿಗೆ 1098, ಹೆಂಗಸರಿಗೆ 181, ಮಾನಸಿಕ ಸಂಕಟಕ್ಕೆ ಟೆಲಿ ಮಾನಸ್ 14416, ಪೊಲೀಸ್ 112. ಕೆಲಸದ ನಂಬರಿನ ಡಿಪಿಯಲ್ಲಿ ಸಂಸಾರದ ಫೋಟೊ ಬೇಡ, ಸ್ಟೇಟಸ್ ಹಾಕಲೇಬೇಡಿ. ರಾತ್ರಿ ಹತ್ತಕ್ಕೆ ಬಂದ "ಮಲಗಿದ್ರಾ ಅಕ್ಕ?" ಎಂಬ ಮೆಸೇಜಿಗೆ ಒಮ್ಮೆ ಉತ್ತರಿಸಿದರೆ ಅದೇ ರೂಢಿಯಾಗುತ್ತದೆ, ಉತ್ತರಿಸದ ಹನ್ನೊಂದನೆಯ ರಾತ್ರಿ ಅವರಿಗೆ ಕೈಬಿಟ್ಟಂತೆ ಅನಿಸುತ್ತದೆ.

ಸ್ವಸಹಾಯ ಸಂಘದ ವಾಟ್ಸ್ಆಪ್ ಗುಂಪಿನಲ್ಲಿ ಯಾರ ಕೇಸಿನ ಸುಳಿವೂ ಬರದಂತೆ ನೋಡಿಕೊಳ್ಳಿ. ಮಕ್ಕಳ ಜೊತೆ ತೆಗೆದುಕೊಂಡ ಸೆಲ್ಫಿಯನ್ನು ಫೇಸ್‌ಬುಕ್ಕಿಗೆ ಹಾಕುವ ಮುನ್ನ ಬಾಲನ್ಯಾಯ ಕಾಯ್ದೆ 2015ರ 74ನೆಯ ಸೆಕ್ಷನ್ ನೆನಪಿರಲಿ: ಆ ವ್ಯವಸ್ಥೆಯಡಿ ಬಂದ ಮಗುವಿನ ಹೆಸರು, ವಿಳಾಸ, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸುವಂತಿಲ್ಲ. ಮಾನಸಿಕ ಕಾಯಿಲೆ ಇರುವವರ ಮಾಹಿತಿಗೆ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 23ನೆಯ ಸೆಕ್ಷನ್ ಗೋಪ್ಯತೆಯ ಹಕ್ಕು ಕೊಟ್ಟಿದೆ.

ಗೆಳತಿಯೇ ಸೇವಾರ್ಥಿಯಾಗಿ ಬಂದರೆ

ಇದು ಎಲ್ಲಕ್ಕಿಂತ ಕಷ್ಟದ್ದು, ಹಾಗಾಗಿ ಕ್ರಮವಾಗಿ ಹೋಗಿ. ಮೊದಲು ಅವರು ಹೇಳುವುದನ್ನು ಗೆಳತಿಯಾಗಿ ಕೇಳಿ, ಆದರೆ ನೋಟ್‌ಬುಕ್ ತೆಗೆಯಬೇಡಿ, ಪ್ರಶ್ನೆ ಮೇಲೆ ಪ್ರಶ್ನೆ ಕೇಳಿ ಕೇಸಿನ ಇತಿಹಾಸ ಎತ್ತಬೇಡಿ. ಹೊಡೆತ, ಆತ್ಮಹತ್ಯೆಯ ಮಾತು, ಮಗುವಿಗೆ ಅಪಾಯ ಇದ್ದರೆ ಮಾತ್ರ ಕೂಡಲೇ ಕೈಹಾಕಿ. ಅಪಾಯದ ಹೊತ್ತಿನಲ್ಲಿ ಎಲ್ಲೆಯ ಚಿಂತೆ ನಂತರದ್ದು. ಉಳಿದಂತೆ ಹೀಗೆ ಹೇಳಿ: "ನಿನ್ನ ಕೇಸು ನಾನು ಹಿಡಿದರೆ ನಿನ್ನ ಗಂಡನ ಕಡೆಯವರು ನನ್ನ ವರದೀನ ಒಪ್ಪಲ್ಲ, ಕೋರ್ಟಲ್ಲಿ ನಿನಗೇ ತೊಂದರೆ. ಒಳ್ಳೆಯವರ ಹತ್ರ ಕಳಿಸ್ತೀನಿ, ಮೊದಲ ದಿನ ಜೊತೆಗೆ ಬರ್ತೀನಿ." ಇದು ನೆಪವಲ್ಲ, ನಿಜ. ಕೌಟುಂಬಿಕ ದೌರ್ಜನ್ಯದ ಕೇಸಿನಲ್ಲಿ ಎದುರು ವಕೀಲರು ವರದಿ ಬರೆದವರಿಗೂ ದೂರುದಾರರಿಗೂ ಇರುವ ನಂಟನ್ನು ಹುಡುಕಿ ಎತ್ತುತ್ತಾರೆ, ವರದಿಯ ತೂಕ ಕುಸಿಯುತ್ತದೆ.

ಬೇರೆ ಕಾರ್ಯಕರ್ತರೇ ಇಲ್ಲದಿದ್ದರೆ? ಪಕ್ಕದ ತಾಲೂಕಿನವರೊಡನೆ ಮೊದಲೇ ಕೊಡುಕೊಳ್ಳುವ ಒಪ್ಪಂದ ಇಟ್ಟುಕೊಳ್ಳಿ: ನಮ್ಮ ನೆಂಟರಿಷ್ಟರ ಕೇಸು ನಿಮಗೆ, ನಿಮ್ಮವರದು ನಮಗೆ. ಅದೂ ಆಗದಿದ್ದರೆ ಕೇಸನ್ನು ಎರಡು ಭಾಗ ಮಾಡಿ. ಆಪ್ತಸಮಾಲೋಚನೆ ಫೋನಿನಲ್ಲಿ ಹೊರಗಿನವರಿಂದ ನಡೆಯಲಿ, ಅರ್ಜಿ, ಆಸ್ಪತ್ರೆ, ಠಾಣೆಯ ಓಡಾಟ ಮಾತ್ರ ನೀವು ನೋಡಿಕೊಳ್ಳಿ. ವರದಿಗೆ ಸಹಿ ನಿಮ್ಮದಾಗಿರಬಾರದು. ನಂಟು ಇರುವುದನ್ನು ಸೂಪರ್‌ವೈಸರಿಗೆ ಬರಹದಲ್ಲಿ ತಿಳಿಸಿ.

ಬರೆದಿಡಿ

ಎಲ್ಲೆ ದಾಟಿದ, ದಾಟುವಂತಾದ ಪ್ರತಿ ಸಂದರ್ಭಕ್ಕೂ ಅದೇ ದಿನ ನಾಲ್ಕು ಸಾಲು ಸಾಕು: ಏನಾಯಿತು, ನಾನು ಏನು ಮಾಡಿದೆ, ಯಾಕೆ, ಯಾರಿಗೆ ತಿಳಿಸಿದೆ. ಉದಾಹರಣೆಗೆ: "ಮನೆಭೇಟಿ. ತಾಯಿ ಎರಡು ತೆಂಗಿನಕಾಯಿ ಕೊಟ್ಟರು. ನಿರಾಕರಿಸಿದರೆ ನೋಯುವರೆಂದು ಸ್ವೀಕರಿಸಿ ಕಚೇರಿಯಲ್ಲಿ ಹಂಚಲಾಯಿತು. ವರದಿ ಬಾಕಿ ಇಲ್ಲ. ಸೂಪರ್‌ವೈಸರಿಗೆ ತಿಳಿಸಿದೆ." ಬರೆಯಲು ನಾಚಿಕೆಯಾಗುವ ವಿಷಯ ಇದೆಯೆಂದರೆ ಅದೇ ಸೂಚನೆ. ಸಣ್ಣ ಸಂಸ್ಥೆಗಳಲ್ಲಿ ಸೂಪರ್‌ವೈಸರ್ ಎಂಬವರೇ ಇರುವುದಿಲ್ಲ. ಅಂಥ ಕಡೆ ಬೇರೆ ತಾಲೂಕಿನ ಇಬ್ಬರು ಮೂವರು ಸಹೋದ್ಯೋಗಿಗಳು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ, ಊರು ಹೆಸರು ಎತ್ತದೆ, ಕೇಸು ಮಾತಾಡುವ ಪದ್ಧತಿ ಇಟ್ಟುಕೊಂಡರೆ ಸಾಕು.

ಜಾರುತ್ತಿರುವ ಗುರುತುಗಳು ಹೀಗಿರುತ್ತವೆ: ಒಂದೇ ಮನೆಗೆ ಕಾರಣವಿಲ್ಲದೆ ವಾರಕ್ಕೆ ಮೂರು ಸಲ ಹೋಗುವುದು, ಅವರ ಭೇಟಿಯನ್ನು ದಿನದ ಕೊನೆಗೆ ಇಟ್ಟುಕೊಳ್ಳುವುದು, ನಿಮ್ಮ ಅತ್ತೆ ಗಂಡನ ಕಷ್ಟ ಅವರ ಮುಂದೆ ಹೇಳಿಕೊಳ್ಳುವುದು, ಅವರ ಪರವಾಗಿ ವರದಿಯ ಒಂದು ಸಾಲನ್ನು ಮೃದು ಮಾಡುವುದು. ಜಾರಿದ ಮೇಲೆ ದಿಢೀರನೆ ಹಿಂದೆ ಸರಿಯಬೇಡಿ, ಫೋನ್ ಎತ್ತದೇ ಇರಬೇಡಿ. ಮೊದಲೇ ಕೈಬಿಟ್ಟವರಿಂದ ನೊಂದು ಬಂದವರಿಗೆ ಅದು ಇನ್ನೊಂದು ಪೆಟ್ಟು. ಎದುರು ಕೂತು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು ಹೇಳಿ: "ನಾನು ರಾತ್ರಿ ಹೊತ್ತೂ ಮಾತಾಡ್ತಿದ್ದೆ, ಅದು ನನ್ನ ತಪ್ಪು. ಹಾಗೆ ಮಾಡಿದ್ರೆ ನಿಮ್ಮ ಕೆಲಸ ನಾನು ಸರಿಯಾಗಿ ಮಾಡಕ್ಕಾಗಲ್ಲ. ಇನ್ನು ಮೇಲೆ ಮಂಗಳವಾರ ಮತ್ತು ಶುಕ್ರವಾರ ಮಾತಾಡೋಣ." ನಂತರ ಆ ಎರಡು ದಿನ ತಪ್ಪಿಸಲೇಬೇಡಿ.

ಕ್ಷೇತ್ರಕಾರ್ಯಕ್ಕೆ ಬರುವ ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವಾರಕ್ಕೆರಡು ದಿನ ಬಂದು ಸೆಮಿಸ್ಟರ್ ಮುಗಿದ ಮೇಲೆ ಮಾಯವಾಗುವವರು ನೀವು, ಮಕ್ಕಳು ಕಾಯುತ್ತಾ ಕೂರುತ್ತಾರೆ. ಹೊರಡುವ ದಿನವನ್ನು ಮೊದಲ ವಾರವೇ ಹೇಳಿ, ನಾಲ್ಕು ವಾರ ಉಳಿದಾಗ ಮತ್ತೊಮ್ಮೆ ಹೇಳಿ. ಕೊನೆಯ ಭೇಟಿಗೆ ಮುಂದಿನವರನ್ನು ಜೊತೆಗೆ ಕರೆದೊಯ್ದು ಪರಿಚಯಿಸಿ. "ಮತ್ತೆ ಬರ್ತೀನಿ" ಎನ್ನುವುದು ನಮ್ಮಲ್ಲಿ ಹೊರಡುವಾಗಿನ ಮಾತು, ಆದರೆ ಏಳು ವರ್ಷದ ಮಗು ಅದನ್ನು ದಿನಾಂಕವೆಂದೇ ತಿಳಿಯುತ್ತದೆ. ಅಲ್ಲಿ ಆ ಮಾತು ಆಡಬೇಡಿ.